ಕ್ಯಾಮೆರಾದಲ್ಲಿ ಕಂಡ ಮಾವನವರು ಕಂಪ್ಯೂಟರಿಗೆ ಬರುತ್ತಿಲ್ಲ

ಹೊಸನಗರದ ಸೊಸೆ — ಭಾನುವಾರ, ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ಮನೆಯ ಬೀರುವಿನ ತಳದಲ್ಲಿ ಹಳೆಯ ಡಿಜಿಟಲ್ ಕ್ಯಾಮೆರಾ ಒಂದು ಸಿಕ್ಕಿದೆ. ನಿಕಾನ್ ಕೂಲ್‌ಪಿಕ್ಸ್, ಎರಡು ಪೆನ್ಸಿಲ್ ಸೆಲ್ ಹಾಕುವಂಥದ್ದು, 8 ಮೆಗಾಪಿಕ್ಸೆಲ್. 2010ರಲ್ಲಿ ನಮ್ಮ ಯಜಮಾನರು ಮೊದಲ ಸಂಬಳದಲ್ಲಿ ಕೊಂಡದ್ದಂತೆ. ಒಂದೂವರೆ ವರ್ಷ ಬಳಸಿ, ಕೆಟ್ಟುಹೋಯಿತೆಂದು ಒಳಗಿಟ್ಟವರು ಮತ್ತೆ ಹೊರಗೆ ತೆಗೆದಿಲ್ಲ. ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ 2 ಜಿ.ಬಿ. ಮೆಮೊರಿ ಕಾರ್ಡ್ ಇತ್ತು. ಕೇಬಲ್ ಎಲ್ಲಿಯೂ ಇಲ್ಲ.

ಗುರುವಾರ ರಾತ್ರಿ ಗೋಡೆ ಗಡಿಯಾರಕ್ಕೆಂದು ತಂದ ಸೆಲ್ಲುಗಳನ್ನೇ ಹಾಕಿ ನೋಡಿದೆ. ಪರದೆ ಹೊತ್ತಿಕೊಂಡಿತು. ದಿನಾಂಕ ಕೇಳಿತು, ಏನೋ ಒತ್ತಿ ಮುಂದೆ ಹೋದೆ. ಮೊದಲು ಕಂಡದ್ದೇ ಮಾವನವರು! ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾರೆ. ಯಾರೋ ಏನೋ ಹೇಳಿದ್ದಕ್ಕೆ ತಲೆಯೆತ್ತಿ ನಕ್ಕಿದ್ದಾರೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಗೋಡೆಯ ಮೇಲಿರುವುದು ಗುರುತಿನ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ಸೊಸೈಟಿಯ ಸಾಲದ ನೋಟಿಸು ಓದುತ್ತಿರುವವರ ಹಾಗೆ ಕಾಣುತ್ತಾರೆ. ಅತ್ತೆಯನ್ನು ಕೂಗಿದೆ. ಅವರು ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಸೆಲ್ ಸತ್ತುಹೋಯಿತು.

ಮರುದಿನ ಯಜಮಾನರು ಪೇಟೆಯಿಂದ ಕಾರ್ಡ್ ರೀಡರ್ ತಂದರು. ಕಾರ್ಡಿನಲ್ಲಿದ್ದ 212 ಚಿತ್ರಗಳನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡೆವು. ನಾಮಕರಣ, ಜೋಗ, ಈದ ಎಮ್ಮೆ ಎಲ್ಲವೂ ಇವೆ. ಮಾವನವರ ಆ ಚಿತ್ರ ಮಾತ್ರ ಇಲ್ಲ. ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಹೊಸ ಸೆಲ್ ತುಂಬಿ ನೋಡಿದರೆ ಅಲ್ಲಿಯೂ ಅದೇ 212. ಕಾಪಿ ಮಾಡುವ ಭರದಲ್ಲಿ ನಾನೇ ಅಳಿಸಿಬಿಟ್ಟೆನೇ? ಅತ್ತೆ ಒಂದು ಮಾತೂ ಅಂದಿಲ್ಲ. ಆದರೆ ಎರಡು ದಿನದಿಂದ ಕನ್ನಡಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದಾರೆ.

ಒಂದೇ ಕ್ಲಿಕ್ — ಬೆಳಿಗ್ಗೆ 10.40

ಕಾಪಿ ಮಾಡಿದಿರಾ, ಕಟ್ ಮಾಡಿದಿರಾ? ಕಟ್ ಮಾಡಿದ್ದರೆ, ನಡುವೆ ರೀಡರ್ ಅಲುಗಾಡಿ ಒಂದೆರಡು ಕಡತ ಕಳೆದುಹೋಗಿರುವ ಸಾಧ್ಯತೆ ಹೆಚ್ಚು. ಅದು ಹೋದಂತೆಯೇ ಲೆಕ್ಕ. ಉಳಿದ 212 ಲ್ಯಾಪ್‌ಟಾಪಿನಲ್ಲಿ ಭದ್ರವಾಗಿವೆಯಲ್ಲ, ಕ್ಯಾಮೆರಾದ ಮೆನುವಿಗೆ ಹೋಗಿ ಒಮ್ಮೆ ಫಾರ್ಮ್ಯಾಟ್ ಕೊಟ್ಟುಬಿಡಿ. ಹಳೆಯ ಕಾರ್ಡಿನ ದೋಷಗಳೆಲ್ಲ ಹೋಗಿ ಕ್ಯಾಮೆರಾ ಹೊಸದರಂತಾಗುತ್ತದೆ.

ಹಿಮದೂರಿನವ — ಬೆಳಿಗ್ಗೆ 10.52

ಫಾರ್ಮ್ಯಾಟ್ ಈಗ ಬೇಡ. ದಯವಿಟ್ಟು ಯಾವುದನ್ನೂ ಒತ್ತಬೇಡಿ.

ಅಳಿಸಿದ ಚಿತ್ರ ಕೂಡಲೇ ಕಾರ್ಡಿನಿಂದ ಮಾಯವಾಗುವುದಿಲ್ಲ. ಮನೆಗಳ ಪಟ್ಟಿಯಲ್ಲಿ ಆ ಮನೆಯ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿದಂತೆ ಅಷ್ಟೇ. ಮನೆ ಅಲ್ಲೇ ನಿಂತಿರುತ್ತದೆ. ಹೊಸಬರು ಬಂದು ಅದೇ ಜಾಗದಲ್ಲಿ ಕಟ್ಟುವವರೆಗೆ ಹಳೆಯದು ಉಳಿದಿರುತ್ತದೆ. ಹಾಗಾಗಿ ಆ ಕಾರ್ಡಿನಲ್ಲಿ ಹೊಸ ಚಿತ್ರ ತೆಗೆಯದಿದ್ದರೆ ಮರಳಿ ಪಡೆಯುವ ಅವಕಾಶ ಚೆನ್ನಾಗಿದೆ. ಫೋಟೋರೆಕ್ ಎಂಬ ತಂತ್ರಾಂಶ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ನೋಡುವುದಕ್ಕೆ ಕಪ್ಪು ಪರದೆ, ಬಿಳಿ ಅಕ್ಷರ, ಹೆದರಬೇಡಿ. ಅದು ಕಾರ್ಡನ್ನು ಓದುತ್ತದೆಯೇ ಹೊರತು ಅದರ ಮೇಲೆ ಏನೂ ಬರೆಯುವುದಿಲ್ಲ. ಸಿಕ್ಕಿದ್ದನ್ನು ಉಳಿಸುವ ಜಾಗವಾಗಿ ಲ್ಯಾಪ್‌ಟಾಪಿನ ಒಂದು ಫೋಲ್ಡರ್ ತೋರಿಸಿ, ಅದೇ ಕಾರ್ಡನ್ನು ತೋರಿಸಬೇಡಿ. ಹಳೆಯ ಕಡತದ ಹೆಸರುಗಳು ಉಳಿಯುವುದಿಲ್ಲ. ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿಗಳಿರುವ ಹೆಸರು ಬರುತ್ತದೆ. ಚಿತ್ರ ನೋಡಿಯೇ ಗುರುತಿಸಬೇಕು.

ಚೌಕಿಮನೆ — ಬೆಳಿಗ್ಗೆ 11.20

ಹಿಮದೂರಿನವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಚಿತ್ರ ಕಳೆದುಹೋಗುವುದು ಹೆಚ್ಚಾಗಿ ಕಾರ್ಡಿನಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ.

ನಾನು ಯಕ್ಷಗಾನದ ಚಿತ್ರ ತೆಗೆಯುವವನು. ಬಯಲಾಟದ ಒಂದು ರಾತ್ರಿಗೆ ಸಾವಿರ ಚಿತ್ರ ದಾಟುತ್ತದೆ. ಕ್ಯಾಮೆರಾದವರು ಕಡತಕ್ಕೆ ಹೆಸರಿಡುವುದು ನಾಲ್ಕು ಅಕ್ಷರ, ನಾಲ್ಕು ಅಂಕಿಗಳಲ್ಲಿ. 9999 ಆದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲ. 'ಯಕ್ಷಗಾನ' ಎಂಬ ಒಂದೇ ಫೋಲ್ಡರಿಗೆ ಮೂರು ವರ್ಷ ಸುರಿಯುತ್ತಾ ಬಂದೆ. ಒಂದು ಬೆಳಗಿನ ಜಾವ, ಕಣ್ಣು ಬಿಡಲಾಗದಷ್ಟು ನಿದ್ದೆ, 'ಇದೇ ಹೆಸರಿನ ಕಡತಗಳಿವೆ, ಬದಲಿಸಲೇ?' ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದೆ. ಮೂರು ವರ್ಷದ ಹಿಂದಿನ ಬಣ್ಣದ ವೇಷದ ಒಡ್ಡೋಲಗವೊಂದು ಪೂರ್ತಿ ಹೋಯಿತು. ಆ ವೇಷಧಾರಿಗಳು ಈಗ ಗೆಜ್ಜೆ ಕಟ್ಟುವುದಿಲ್ಲ.

ಈಗ ಪ್ರತಿ ಆಟಕ್ಕೊಂದು ಫೋಲ್ಡರ್. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು, ಪ್ರಸಂಗ. ವರ್ಷ ಮುಂದಿದ್ದರೆ ಫೋಲ್ಡರುಗಳು ತಾವಾಗಿಯೇ ಕಾಲಕ್ರಮದಲ್ಲಿ ಸಾಲುಗಟ್ಟುತ್ತವೆ.

ಸೊಸೆಯವರೇ, ನೀವು ಕಾಪಿ ಮಾಡುವಾಗ ಆ ಫೋಲ್ಡರಿನಲ್ಲಿ ಮೊದಲೇ ಬೇರೆ ಚಿತ್ರಗಳಿದ್ದವೇ?

ಹೊಸನಗರದ ಸೊಸೆ — ಬೆಳಿಗ್ಗೆ 11.45

ಇಲ್ಲ, ಹೊಸ ಫೋಲ್ಡರ್ ಮಾಡಿಕೊಂಡೆ. ಕಟ್ ಮಾಡಿಲ್ಲ, ಕಾಪಿಯೇ. ಫೋಟೋರೆಕ್ ಇಳಿಸಿಕೊಳ್ಳುತ್ತಿದ್ದೇನೆ. ನಮ್ಮ ಊರಿನ ನೆಟ್‌ವರ್ಕ್ ಗೊತ್ತಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಆಗಬಹುದು.

ಪೆನ್‌ಡ್ರೈವ್ ಪುಟ್ಟಿ — ಮಧ್ಯಾಹ್ನ 12.10

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನನ್ನ ಅಣ್ಣನ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದರೆ ಏನೂ ಆಗುವುದಿಲ್ಲ. ಶಬ್ದವೂ ಇಲ್ಲ, ಐಕಾನೂ ಇಲ್ಲ. ಎರಡು ಕಂಪ್ಯೂಟರಿನಲ್ಲಿ ನೋಡಿದೆ. ಕ್ಯಾಮೆರಾ ಕೆಟ್ಟಿದೆಯೇ?

ಹಿಮದೂರಿನವ — ಮಧ್ಯಾಹ್ನ 12.18

ಆ ಕೇಬಲ್ ಎಲ್ಲಿಂದ ಬಂತು?

ಪೆನ್‌ಡ್ರೈವ್ ಪುಟ್ಟಿ — ಮಧ್ಯಾಹ್ನ 12.21

ಪವರ್ ಬ್ಯಾಂಕಿನ ಜೊತೆ ಬಂದದ್ದು. ಸರಿಯಾಗಿ ಕೂರುತ್ತದೆ.

ಹಿಮದೂರಿನವ — ಮಧ್ಯಾಹ್ನ 12.30

ಕೂರುತ್ತದೆ, ಆದರೆ ಅದರೊಳಗೆ ವಿದ್ಯುತ್ತಿನ ಎರಡು ತಂತಿಗಳು ಮಾತ್ರ ಇರುವ ಸಾಧ್ಯತೆ ಬಹಳ. ಮಾಹಿತಿ ಸಾಗುವುದಕ್ಕೆ ಬೇರೆಯೇ ಎರಡು ತಂತಿಗಳು ಬೇಕು. ಚಾರ್ಜ್ ಮಾಡುವುದಕ್ಕೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ಅವನ್ನು ಬಿಟ್ಟಿರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹಳೆಯ ಮೊಬೈಲಿನ ಜೊತೆ ಡಬ್ಬಿಯಲ್ಲಿ ಬಂದಿದ್ದ ಕೇಬಲ್ ಇದ್ದರೆ ಅದನ್ನು ಹಾಕಿ ನೋಡಿ.

ಜೋಡಿಸಿದ ಮೇಲೆ ಕ್ಯಾಮೆರಾವನ್ನು ಆನ್ ಮಾಡಬೇಕು, ಇದನ್ನು ಮರೆಯುವವರೇ ಹೆಚ್ಚು. ಪೆನ್‌ಡ್ರೈವ್ ಹಾಗೆ ಅಕ್ಷರವಿರುವ ಡ್ರೈವ್ ಆಗಿ ಕಾಣಿಸಲಿ ಎಂದು ಕಾಯಬೇಡಿ. ಎಷ್ಟೋ ಕ್ಯಾಮೆರಾಗಳು ಪಿಟಿಪಿ ಎಂಬ ಬೇರೆ ಭಾಷೆಯಲ್ಲಿ ಮಾತನಾಡುತ್ತವೆ. ಆಗ ಕಂಪ್ಯೂಟರ್ ಅದನ್ನು ಮೊಬೈಲ್ ಫೋನಿನಂತೆ ಒಂದು ಸಾಧನವಾಗಿ ತೋರಿಸುತ್ತದೆ. ಒಳಗೆ ಡಿಸಿಐಎಂ ಎಂಬ ಫೋಲ್ಡರ್ ಇರುತ್ತದೆ. ಯಾವ ಕಂಪನಿಯ ಕ್ಯಾಮೆರಾವಾದರೂ ಚಿತ್ರಗಳಿರುವುದು ಅದರಲ್ಲೇ.

ಪೆನ್‌ಡ್ರೈವ್ ಪುಟ್ಟಿ — ಮಧ್ಯಾಹ್ನ 12.55

ಬಂತು! ಅಪ್ಪನ ಹಳೆಯ ಫೋನಿನ ಕೇಬಲ್. ಅಣ್ಣ ಸರ್ವಿಸ್ ಸೆಂಟರಿಗೆ ಹೋಗಲು ಬೈಕ್ ಹೊರಗೆ ತೆಗೆದಿದ್ದ.

ಹೊಸನಗರದ ಸೊಸೆ — ಮಧ್ಯಾಹ್ನ 3.30

ಫೋಟೋರೆಕ್ ಮುಗಿಯಿತು. ಅಳಿಸಿದ್ದ 64 ಚಿತ್ರಗಳು ಎದ್ದು ಬಂದವು. ನಮ್ಮ ಯಜಮಾನರು ಕನ್ನಡಿಯ ಮುಂದೆ ನಿಂತು ತಮ್ಮನ್ನೇ ತೆಗೆದುಕೊಂಡ ಹನ್ನೊಂದು ಚಿತ್ರಗಳು ಅದರಲ್ಲಿವೆ. ಅವನ್ನು ಏಕೆ ಅಳಿಸಿದ್ದರೆಂದು ನೋಡಿದ ಕೂಡಲೇ ತಿಳಿಯಿತು. ನಾದಿನಿಗೆ ಆಗಲೇ ಕಳುಹಿಸಿದ್ದೇನೆ.

ಮಾವನವರು ಇಲ್ಲ.

ನಾನು ಕನಸು ಕಂಡೆನೇ ಎಂದು ನನಗೇ ಅನುಮಾನ ಬರುತ್ತಿದೆ.

ನಿವೃತ್ತ ಲೆಕ್ಕಿಗ — ಸಂಜೆ 4.05

ಬೆಳಗಿನಿಂದ ಓದುತ್ತಿದ್ದೇನೆ. ತಂತ್ರಾಂಶಗಳ ವಿಷಯ ನನಗೆ ತಿಳಿಯದು, ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದವನು. ತಾಳೆಯಾಗದಿದ್ದಾಗ ನಾವು ಮೊದಲು ನೋಡುತ್ತಿದ್ದುದು ದಿನಾಂಕ.

ಒಂದು, ಕಾರ್ಡಿನಲ್ಲಿರುವ ಕೊನೆಯ ಚಿತ್ರ ಯಾವ ದಿನದ್ದು? ಚಿತ್ರದ ಮೇಲೆ ಬಲಗಡೆಯ ಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿದರೆ ತೆಗೆದ ದಿನ ಸಿಗುತ್ತದೆ. ಕಡತ ಕಾಪಿಯಾದ ದಿನವನ್ನು ನೋಡಬೇಡಿ, ಅದು ಮೊನ್ನೆಯದೇ ಇರುತ್ತದೆ. ಎರಡು, ನಿಮ್ಮ ಕಡೆ ಅಡಿಕೆ ಸುಲಿಯುವುದು ಯಾವ ತಿಂಗಳಿನಲ್ಲಿ?

ಹೊಸನಗರದ ಸೊಸೆ — ಸಂಜೆ 4.25

ಕೊನೆಯದು 2011ರ ಅಕ್ಟೋಬರ್ 27. ದೀಪಾವಳಿಯ ಗೋಪೂಜೆ, ಕರುವಿನ ಕೊರಳಿಗೆ ಚೆಂಡುಹೂವಿನ ಮಾಲೆ.

ನಮ್ಮ ಮನೆಯಲ್ಲಿ ಅಡಿಕೆಗೊನೆಯ ಕೊಯ್ಲು ಶುರುವಾಗುವುದು ದೀಪಾವಳಿ ಕಳೆದ ಮೇಲೆ, ಸುಲಿತ ಜೋರಾಗುವುದು ಡಿಸೆಂಬರಿನಲ್ಲಿ. ಹಿಂದಿನ ವರ್ಷದ್ದೂ ಅಲ್ಲ. ಚಿತ್ರದಲ್ಲಿ ಮಾವನವರ ಹಿಂದೆ ಹೊಸ ಕೊಟ್ಟಿಗೆಯ ಗೋಡೆ ಇತ್ತು, ಅದನ್ನು ಕಟ್ಟಿದ್ದು 2011ರ ಬೇಸಗೆಯಲ್ಲಿ ಎಂದು ಅತ್ತೆ ಹೇಳುತ್ತಾರೆ.

ಅಂದರೆ?

ನಿವೃತ್ತ ಲೆಕ್ಕಿಗ — ಸಂಜೆ 4.31

ಅಂದರೆ ಆ ಚಿತ್ರ ಈ ಖಾತೆಯದೇ ಅಲ್ಲ. ಬೇರೆ ಪುಸ್ತಕದಲ್ಲಿ ಜಮೆಯಾಗಿದೆ. ಇನ್ನೊಂದು ಕಾರ್ಡ್ ಹುಡುಕಿ.

ಒಂದೇ ಕ್ಲಿಕ್ — ಸಂಜೆ 4.50

ಇನ್ನೊಂದು ಕಾರ್ಡ್ ಇದ್ದರೆ ಸಿಗುತ್ತಿತ್ತು. ಸುಮ್ಮನೆ ಕಾಲಹರಣ. ಕಾರ್ಡ್ ತೆಗೆದಿಟ್ಟು, ಕ್ಯಾಮೆರಾವನ್ನು ಮೆನುವಿನಿಂದ ಫಾರ್ಮ್ಯಾಟ್ ಮಾಡಿ, 64 ಜಿ.ಬಿ.ಯ ಹೊಸ ಕಾರ್ಡ್ ಕೊಂಡು ಹಾಕಿ. ಕ್ಯಾಮೆರಾವಾದರೂ ಉಪಯೋಗಕ್ಕೆ ಬರಲಿ.

ರೀಲು ಕಾಲದವನು — ಸಂಜೆ 5.10

ನಿಲ್ಲಿ! ಸೊಸೆಯವರೇ, ಕ್ಯಾಮೆರಾವನ್ನು ಕೈಯಿಂದ ಕೆಳಗಿಡಿ. ಆಮೇಲೆ ಓದಿ.

ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊಗಳ ಗಲಾಟೆ, ಈಗಷ್ಟೇ ನೋಡಿದೆ. ನನ್ನದು ತುಮಕೂರಿನಲ್ಲಿ ಸ್ಟುಡಿಯೊ, 1991ರಿಂದ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಗುರುವಾರ ರಾತ್ರಿ ನೀವು ಮಾವನವರನ್ನು ನೋಡಿದಾಗ ಕಾರ್ಡ್ ಕ್ಯಾಮೆರಾದಲ್ಲಿತ್ತೋ, ಡಬ್ಬಿಯಲ್ಲಿತ್ತೋ?

ಹೊಸನಗರದ ಸೊಸೆ — ಸಂಜೆ 5.14

ಡಬ್ಬಿಯಲ್ಲಿತ್ತು!

ಅಯ್ಯೋ. ಇದನ್ನು ನಾನು ಯೋಚಿಸಲೇ ಇಲ್ಲ. ಕಾರ್ಡೇ ಇಲ್ಲದೆ ಚಿತ್ರ ಹೇಗೆ ಕಂಡಿತು?

ರೀಲು ಕಾಲದವನು — ಸಂಜೆ 5.35

ಆ ಕಾಲದ ಪುಟ್ಟ ಕ್ಯಾಮೆರಾಗಳ ಹೊಟ್ಟೆಯಲ್ಲಿಯೇ ಚೂರು ಮೆಮೊರಿ ಇರುತ್ತಿತ್ತು. ಕೆಲವದರಲ್ಲಿ ಹತ್ತಿಪ್ಪತ್ತು ಎಂ.ಬಿ., ಕೆಲವದರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಕಾರ್ಡ್ ಇಲ್ಲದಿದ್ದಾಗ ಚಿತ್ರ ಅದರೊಳಗೆ ಹೋಗುತ್ತದೆ. 8 ಮೆಗಾಪಿಕ್ಸೆಲ್ಲಿನ ಒಂದು ಚಿತ್ರ ಎರಡು ಮೂರು ಎಂ.ಬಿ. ತೂಗುವುದರಿಂದ ಹತ್ತರ ಒಳಗೇ ಹೊಟ್ಟೆ ತುಂಬುತ್ತದೆ. ಹಳೆಯ ಕ್ಯಾಮೆರಾ ಮಾರುವುದಕ್ಕೆ ತಂದವರ ಹೊಟ್ಟೆಮೆಮೊರಿಯಲ್ಲಿ ನಾನು ಏನೇನು ಕಂಡಿದ್ದೇನೆ ಎಂದು ಇಲ್ಲಿ ಬರೆಯುವಂತಿಲ್ಲ.

ಈಗ ತೊಡಕು ಎಲ್ಲಿ ಎಂದರೆ, ಕಾರ್ಡ್ ಒಳಗಿದ್ದರೆ ನಿಮ್ಮ ಕ್ಯಾಮೆರಾ ಹೊಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಕಾರ್ಡಿನದನ್ನು ಮಾತ್ರ ತೋರಿಸುತ್ತದೆ. ಕಾರ್ಡ್ ತೆಗೆದರೆ ಹೊಟ್ಟೆಯದನ್ನು ತೋರಿಸುತ್ತದೆ. ಕಾರ್ಡ್ ರೀಡರಿಗಂತೂ ಅದು ಯಾವ ಜನ್ಮದಲ್ಲಿಯೂ ಕಾಣದು.

ಒಂದೇ ಕ್ಲಿಕ್ ಅವರೇ, ಬೇಸರಪಡಬೇಡಿ, ಆದರೆ ನಿಮ್ಮ ಸಲಹೆ ನಡೆದಿದ್ದರೆ ಮಾವನವರ ಕತೆ ಮುಗಿಯುತ್ತಿತ್ತು. ಇದರ ಮೆನುವಿನಲ್ಲಿ ಕಾರ್ಡ್ ಇದ್ದಾಗ 'ಫಾರ್ಮ್ಯಾಟ್ ಕಾರ್ಡ್' ಎಂದಿರುತ್ತದೆ. ಕಾರ್ಡ್ ತೆಗೆದರೆ ಅದೇ ಜಾಗದಲ್ಲಿ 'ಫಾರ್ಮ್ಯಾಟ್ ಮೆಮೊರಿ' ಎಂದಾಗುತ್ತದೆ. ಒತ್ತಿದರೆ ಅಳಿಯುವುದು ಹೊಟ್ಟೆಯಲ್ಲಿರುವುದು. ಅದಕ್ಕೆ ಫೋಟೋರೆಕ್ ಓಡಿಸಲು ಕೈಗೆ ಸಿಗುವ ಕಾರ್ಡೂ ಇರುವುದಿಲ್ಲ.

64 ಜಿ.ಬಿ. ಕಾರ್ಡೂ ಬೇಡ. 32 ಜಿ.ಬಿ.ವರೆಗಿನದು ಒಂದು ಜಾತಿ, 64 ಜಿ.ಬಿ.ಯಿಂದ ಮೇಲಿನದು ಇನ್ನೊಂದು ಜಾತಿ. ಆಕಾರ ಒಂದೇ ಆದರೂ ಒಳಗೆ ಬರೆಯುವ ಕ್ರಮ ಬೇರೆ. 2010ರ ಅಗ್ಗದ ಕ್ಯಾಮೆರಾಗಳಿಗೆ ಅದನ್ನು ಓದಲು ಬಾರದು.

ಹೊಸನಗರದ ಸೊಸೆ — ಸಂಜೆ 5.50

ಕಾರ್ಡ್ ತೆಗೆದು ನೋಡಿದೆ. ಇದ್ದಾರೆ. ನಗುತ್ತಾ ಕೂತಿದ್ದಾರೆ. ಒಟ್ಟು ಏಳು ಚಿತ್ರಗಳು. ಈ ಸಲ ಅತ್ತೆ ಕನ್ನಡಕ ಹಾಕಿಕೊಂಡೇ ಪಕ್ಕದಲ್ಲಿದ್ದರು. ಪರದೆ ಚಿಕ್ಕದು, ಮಗ್ಗುಲಿಗೆ ಹೊರಳಿಸಿ ಹೊರಳಿಸಿ ನೋಡಿದರು. ಆಮೇಲೆ ಒಳಗೆ ಹೋಗಿ ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಸುಮ್ಮನೆ ನಿಂತಿದ್ದರು.

ಇವನ್ನು ಹೊರಗೆ ತರುವುದು ಹೇಗೆ? ಕ್ಯಾಮೆರಾದ ಪಕ್ಕದ ಕಿಂಡಿಗೆ ನಮ್ಮ ಮನೆಯ ಯಾವ ಕೇಬಲೂ ಕೂರುತ್ತಿಲ್ಲ.

ಹಿಮದೂರಿನವ — ಸಂಜೆ 6.02

ರೀಲು ಸರ್, ನಮಸ್ಕಾರ. ನಾನು ಮೂರು ಸಾಲು ಫೋಟೋರೆಕ್ ಪುರಾಣ ಹೇಳಿದ್ದೆಲ್ಲ ನೀರಿನಲ್ಲಿ ಹೋಯಿತು.

ಸರಿಯಾದ ಕೇಬಲ್ ತರಿಸಿಕೊಳ್ಳುವುದು ಉತ್ತಮ. ಕಾರ್ಡ್ ತೆಗೆದು ಕೇಬಲ್ ಜೋಡಿಸಿದರೆ ಹೊಟ್ಟೆಯ ಚಿತ್ರಗಳು ನೇರವಾಗಿ ಕಂಪ್ಯೂಟರಿನಲ್ಲಿ ಕಾಣುತ್ತವೆ. ಆ ಕಾಲದಲ್ಲಿ ಪ್ರತಿ ಕಂಪನಿಯೂ ತನಗೆ ಬೇಕಾದ ಆಕಾರದ ಕಿಂಡಿ ಇಡುತ್ತಿತ್ತು. ಕ್ಯಾಮೆರಾದ ಮಾದರಿ ಸಂಖ್ಯೆ ಕೊಟ್ಟು ಆನ್‌ಲೈನಿನಲ್ಲಿ ಹುಡುಕಿದರೆ ಸಿಗುತ್ತದೆ. ಮೂಲ ಕಡತಕ್ಕೆ ಕೈ ಹಚ್ಚದೆ ಕೆಲಸವಾಗುತ್ತದೆ.

ರೀಲು ಕಾಲದವನು — ಸಂಜೆ 6.15

ಕೇಬಲ್ ಹೊಸನಗರಕ್ಕೆ ಬರುವಷ್ಟರಲ್ಲಿ ಇನ್ನೊಂದು ಕೊಯ್ಲು ಮುಗಿದಿರುತ್ತದೆ. ನಾನು ಕೇಬಲಿನ ಪಕ್ಷದವನೇ ಅಲ್ಲ. ಕಿಂಡಿ ಸಡಿಲವಾಗುತ್ತದೆ, ಅರ್ಧ ದಾರಿಯಲ್ಲಿ ಸೆಲ್ ಸಾಯುತ್ತದೆ, ಮಗು ಎಡವಿದರೆ ಕ್ಯಾಮೆರಾ ನೆಲಕ್ಕೆ.

ಕ್ಯಾಮೆರಾದೊಳಗೇ ದಾರಿ ಇದೆ. ಕಾರ್ಡನ್ನು ಹಾಕಿ. ಚಿತ್ರ ನೋಡುವ ಗುಂಡಿ ಒತ್ತಿ, ಆಮೇಲೆ ಮೆನು. ಕೆಳಗೆ ಇಳಿಯುತ್ತಾ ಹೋದರೆ 'ಕಾಪಿ' ಎಂದಿರುತ್ತದೆ. ಅದರಲ್ಲಿ 'ಕ್ಯಾಮೆರಾ ಟು ಕಾರ್ಡ್', ಆಮೇಲೆ 'ಆಲ್ ಇಮೇಜಸ್'. ತಿರುಗುಮುರುಗು ಆಗಿ 'ಕಾರ್ಡ್ ಟು ಕ್ಯಾಮೆರಾ' ಒತ್ತಬೇಡಿ. ಇದು ನಕಲು ಮಾತ್ರ, ಮೂಲ ಹೊಟ್ಟೆಯಲ್ಲೇ ಇರುತ್ತದೆ. ಕಾರ್ಡಿನಲ್ಲಿ ಜಾಗ ಬೇಕಾದಷ್ಟಿದೆ: 212 ಚಿತ್ರ ಎಂದರೆ 2 ಜಿ.ಬಿ.ಯಲ್ಲಿ ಅರ್ಧವೂ ತುಂಬಿರುವುದಿಲ್ಲ.

ಅದಕ್ಕೂ ಮೊದಲು ಗಡಿಯಾರದ ಸೆಲ್ಲುಗಳನ್ನು ಗಡಿಯಾರಕ್ಕೇ ಕೊಡಿ. ಅವು ತೊಟ್ಟು ತೊಟ್ಟಾಗಿ ವಿದ್ಯುತ್ ಕೊಡುವವು. ಕ್ಯಾಮೆರಾ ಕೊಡಗಟ್ಟಲೆ ಕೇಳುತ್ತದೆ. ಆಲ್ಕಲೈನ್ ಎಂದು ಬರೆದಿರುವ ಸೆಲ್ ತನ್ನಿ, ಇಲ್ಲವೇ ಮರು ಚಾರ್ಜ್ ಮಾಡುವಂಥದ್ದು.

ಹೊಸನಗರದ ಸೊಸೆ — ರಾತ್ರಿ 7.40

ಆಲ್ಕಲೈನ್ ಸೆಲ್ ತರಿಸಿದೆ. ಕಾರ್ಡ್ ಹಾಕಿ, ನೀವು ಹೇಳಿದ ಹಾಗೆಯೇ ಮೆನುವಿನಲ್ಲಿ ಇಳಿದು 'ಕಾಪಿ' ಒತ್ತಿದೆ. ಕಾರ್ಡಿಗೆ ಬೀಗ ಬಿದ್ದಿದೆ, ಬರೆಯಲಾಗದು ಎಂಬರ್ಥದ ಇಂಗ್ಲಿಷ್ ಸಾಲು ಬಂತು. ಯಜಮಾನರು ಇಣುಕಿ ನೋಡಿ, "ಇದೇ! ಆಗಲೂ ಇದೇ ಬರುತ್ತಿತ್ತು! ಇದಕ್ಕೇ ಕೆಟ್ಟಿದೆ ಎಂದು ಬಿಟ್ಟದ್ದು" ಎಂದರು.

ರೀಲು ಕಾಲದವನು — ರಾತ್ರಿ 7.48

ನಗು ತಡೆಯಲಾಗುತ್ತಿಲ್ಲ, ಕ್ಷಮಿಸಿ.

ಕಾರ್ಡ್ ಹೊರಗೆ ತೆಗೆಯಿರಿ. ಹೆಸರಿನ ಚೀಟಿ ನಿಮ್ಮ ಕಡೆ, ಕತ್ತರಿಸಿದ ಮೂಲೆ ಮೇಲೆ ಬಲಕ್ಕೆ ಇರುವಂತೆ ಹಿಡಿಯಿರಿ. ಎಡ ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಗುಂಡಿಯೊಂದಿದೆ. ಕೆಳಗಿದ್ದರೆ ಬೀಗ. ಉಗುರಿನಿಂದ ಮೇಲಕ್ಕೆ ತಳ್ಳಿ.

ಇನ್ನೊಂದು ಸಂಗತಿ ಗಮನಿಸಿದಿರಾ? ಬೀಗ ಬಿದ್ದ ಕಾರ್ಡಿನಿಂದ ಓದಬಹುದು, ಆದರೆ ಅಳಿಸಲಾಗದು. ಬೆಳಗಿನಿಂದ ನಾನೇ ಅಳಿಸಿದೆನೇ ಎಂದು ಒದ್ದಾಡಿದಿರಲ್ಲ, ನೀವು ಬೇಕೆಂದರೂ ಅದು ನಿಮ್ಮಿಂದ ಆಗುತ್ತಿರಲಿಲ್ಲ. ಬೀಗ ಹಾಕಿದವರು ಯಾರು ಎಂಬುದೊಂದು ಉಳಿಯಿತು.

ಹೊಸನಗರದ ಸೊಸೆ — ರಾತ್ರಿ 8.30

ಬಂದರು!! ಏಳು ಚಿತ್ರಗಳೂ ಲ್ಯಾಪ್‌ಟಾಪಿನಲ್ಲಿವೆ. ಕಾರ್ಡಿನ ಹಳೆಯ ಫೋಲ್ಡರಿನಲ್ಲಿ ಇರಲಿಲ್ಲ, ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಹುಟ್ಟಿತ್ತು, ಅದರಲ್ಲಿದ್ದವು. ತೆಗೆದ ದಿನ 2011ರ ಡಿಸೆಂಬರ್ 11. ಲೆಕ್ಕಿಗರಿಗೆ ಸಾಷ್ಟಾಂಗ.

ಬೀಗದ ಕತೆಯೂ ಬಿಚ್ಚಿಕೊಂಡಿತು. ದೀಪಾವಳಿ ಕಳೆದ ಮೇಲೆ ಯಜಮಾನರು ಪ್ರಿಂಟ್ ಹಾಕಿಸಲು ಕಾರ್ಡನ್ನು ಪೇಟೆಯ ಸ್ಟುಡಿಯೊ ಒಂದಕ್ಕೆ ಕೊಟ್ಟಿದ್ದರು. ಅಲ್ಲಿಯವರು ಕೊಡುವಾಗ ಈ ಡಬ್ಬಿಯಲ್ಲಿ ಹಾಕಿ ಕೊಟ್ಟರಂತೆ. ಮನೆಗೆ ತಂದು ಹಾಕಿದರೆ ಹೊಸ ಚಿತ್ರ ತೆಗೆಯಲು ಬಿಡಲಿಲ್ಲ. ಕಾರ್ಡ್ ಕೆಟ್ಟಿತೆಂದು ಡಬ್ಬಿಗೆ ಹಾಕಿಟ್ಟರು. ಕಾರ್ಡ್ ಇಲ್ಲದೆ ನಾದಿನಿ ಏಳು ಚಿತ್ರ ತೆಗೆದಳು, ಎಂಟನೆಯದಕ್ಕೆ ಮೆಮೊರಿ ತುಂಬಿದೆ ಎಂದಿತು. ಸರಿ, ಕ್ಯಾಮೆರಾವೂ ಕೆಟ್ಟಿತೆಂದು ತೀರ್ಮಾನ. ಹೀಗೆ ಯಾವುದೂ ಕೆಡದ ಕ್ಯಾಮೆರಾ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು.

ರೀಲು ಕಾಲದವನು — ರಾತ್ರಿ 8.52

ಸ್ಟುಡಿಯೊದವನು ಒಳ್ಳೆಯದಕ್ಕೇ ಬೀಗ ಹಾಕಿರುತ್ತಾನೆ, ತೆಗೆಯುವುದನ್ನು ಮರೆತಿರುತ್ತಾನೆ. ಆಗ ನಮ್ಮ ಸ್ಟುಡಿಯೊಗಳ ಕಂಪ್ಯೂಟರುಗಳು ವೈರಸ್ಸಿನ ಸಂತೆಯಾಗಿದ್ದವು. ಊರಿನವರೆಲ್ಲರ ಕಾರ್ಡು, ಪೆನ್‌ಡ್ರೈವ್ ಒಂದೇ ತೂತಿಗೆ ಹಾಕುತ್ತಿದ್ದೆವಲ್ಲ. ಫೋಲ್ಡರುಗಳನ್ನೆಲ್ಲ ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಕೂರಿಸುವ ವೈರಸ್ ಒಂದಿತ್ತು. ಗಿರಾಕಿ ಮನೆಗೆ ಹೋಗಿ 'ಚಿತ್ರಗಳೆಲ್ಲ ಹೋದವು' ಎಂದು ಜಗಳಕ್ಕೆ ಬರುತ್ತಿದ್ದ. ಬೀಗವಿದ್ದರೆ ವೈರಸ್ ಕಾರ್ಡಿಗೆ ದಾಟುವಂತಿಲ್ಲ. ಈಗಲೂ ಹೊರಗೆ ಎಲ್ಲಿಯಾದರೂ ಕಾರ್ಡ್ ಕೊಡುವಾಗ ನಾನು ಬೀಗ ಹಾಕಿಯೇ ಕೊಡುತ್ತೇನೆ.

ಚೌಕಿಮನೆ — ರಾತ್ರಿ 9.05

ಒಳ್ಳೆಯ ಪ್ರಸಂಗ, ಮಂಗಳ ಹಾಡುವ ಮುನ್ನ ನನ್ನದೊಂದು ಸಣ್ಣ ಪ್ರವೇಶ. ಇಂಥದ್ದೇ ಕಣ್ಣಾಮುಚ್ಚಾಲೆ ವಿಡಿಯೊದಲ್ಲಿಯೂ ಇದೆ. ಸೋನಿ ಕ್ಯಾಮೆರಾ ಬಳಸುವವರು ಡಿಸಿಐಎಂ ಫೋಲ್ಡರ್ ಒಂದನ್ನೇ ಕಾಪಿ ಮಾಡಿ ಕಾರ್ಡ್ ಖಾಲಿ ಮಾಡಬೇಡಿ. ಚಿತ್ರಗಳು ಅದರಲ್ಲಿ, ಹೆಚ್ಚಿನ ವಿಡಿಯೊಗಳು ಮಾತ್ರ 'ಪ್ರೈವೇಟ್' ಎಂಬ ಇನ್ನೊಂದು ಫೋಲ್ಡರಿನ ಮೂರು ಮೆಟ್ಟಿಲು ಒಳಗೆ. ಹೆಸರು ನೋಡಿ ಕಂಪನಿಯವರ ಖಾಸಗಿ ಸಾಮಾನು ಇರಬೇಕೆಂದು ಮುಟ್ಟದೆ ಬಿಟ್ಟು, ಒಂದು ತಾಳಮದ್ದಳೆಯ ಪೂರ್ತಿ ಅರ್ಥಗಾರಿಕೆ ಕಳೆದುಕೊಂಡಿದ್ದೇನೆ. ಈಗ ಕಾರ್ಡ್ ಇದ್ದ ಹಾಗೆಯೇ ಇಡಿಯಾಗಿ ಎತ್ತಿಕೊಳ್ಳುತ್ತೇನೆ. ಎರಡು ಹಾರ್ಡ್ ಡಿಸ್ಕಿಗೆ ಹೋಗಿ, ಎರಡರಲ್ಲಿಯೂ ನಾಲ್ಕಾರು ಕಡತ ತೆರೆದು ನೋಡಿದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್.

ಒಂದೇ ಕ್ಲಿಕ್ — ರಾತ್ರಿ 9.20

ತಪ್ಪಾಯಿತು ಮೇಡಂ. ಹೊಟ್ಟೆಮೆಮೊರಿ ಎಂಬುದೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಹುಟ್ಟಿದ್ದೇ 2004ರಲ್ಲಿ.

ಹೊಸನಗರದ ಸೊಸೆ — ರಾತ್ರಿ 9.26

ಇರಲಿ ಬಿಡಪ್ಪ. ನಮ್ಮ ಯಜಮಾನರು ಅದನ್ನು ಕೊಂಡವರೇ, ಅವರಿಗೂ ಗೊತ್ತಿರಲಿಲ್ಲ.

ರೀಲು ಸರ್, ಕೊನೆಯ ಪ್ರಶ್ನೆ. ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಬಹುದೇ? ಶಿವಮೊಗ್ಗದಲ್ಲಿರುವ ನಾದಿನಿಗೆ ವಾಟ್ಸಾಪಿನಲ್ಲಿ ಕಳುಹಿಸಿದರೆ ಅವಳೇ ಮಾಡಿಸುತ್ತೇನೆ ಎನ್ನುತ್ತಾಳೆ.

ರೀಲು ಕಾಲದವನು — ರಾತ್ರಿ 9.45

ಕಡತದ ಅಳತೆ 3264 ಗುಣಿಸು 2448 ಎಂದಿದೆಯೇ ನೋಡಿ. ಇದ್ದರೆ ಹತ್ತು ಇಂಚು ಅಗಲದವರೆಗೆ ಧೈರ್ಯವಾಗಿ ಹಾಕಿಸಬಹುದು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಎಂದು ಕಳುಹಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕಳುಹಿಸುತ್ತದೆ. 'ಡಾಕ್ಯುಮೆಂಟ್' ಎಂದು ಆರಿಸಿ ಕಳುಹಿಸಿ, ಆಗ ಇದ್ದದ್ದು ಇದ್ದ ಹಾಗೆ ಹೋಗುತ್ತದೆ.

ಅಳತೆ ಹೇಳುವಾಗ ಎಚ್ಚರ. ಈ ಕ್ಯಾಮೆರಾದ ಚಿತ್ರ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಸ್ಟುಡಿಯೊದವರು 8×12 ಎಂದು ಹಾಕಿಬಿಡುತ್ತಾರೆ, ಅದು ಮೂರಕ್ಕೆ ಎರಡು. ಮೇಲೆ ಕೆಳಗೆ ಕತ್ತರಿ ಬೀಳುತ್ತದೆ. ತಲೆ ಉಳಿಸಲು ಹೋಗಿ ಕೆಳಗಿನ ಮೆಟ್ಟುಗತ್ತಿಯನ್ನು ಹಾರಿಸುತ್ತಾರೆ. 6×8 ಹೇಳಿ, ಕೂದಲಷ್ಟೂ ಕತ್ತರಿಸುವುದಿಲ್ಲ. ಹೊಳಪಿನ ಕಾಗದ ಬೇಡ, ಮ್ಯಾಟ್ ಹಾಕಿಸಿ. ಮಲೆನಾಡಿನ ಮಳೆಗಾಲದಲ್ಲಿ ಹೊಳಪಿನ ಕಾಗದ ಚೌಕಟ್ಟಿನ ಗಾಜಿಗೆ ಅಂಟಿಕೊಳ್ಳುತ್ತದೆ.

ಹೊಸನಗರದ ಸೊಸೆ — ರಾತ್ರಿ 10.10

ಅಳತೆ ಅಷ್ಟೇ ಇದೆ. ಅತ್ತೆಯನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ ದೊಡ್ಡದು ಮಾಡಿ ತೋರಿಸಿದೆ. ಯಾರನ್ನು ನೋಡಿ ನಗುತ್ತಿದ್ದರು ಎಂದು ಕೇಳಿದೆ. "ನನ್ನನ್ನೇ. ನಿಮ್ಮ ಕೈಗಿಂತ ಬಾಯಿ ಜೋರಾಗಿ ಸುಲಿಯುತ್ತದೆ ಎಂದಿದ್ದೆ" ಎಂದರು. ಮತ್ತೆ ಸ್ವಲ್ಪ ಹೊತ್ತು ನೋಡಿ, ಮೆಟ್ಟುಗತ್ತಿ ಇರಲೇಬೇಕು, ಅದು ಈಗಲೂ ಅಟ್ಟದ ಮೇಲಿದೆ ಎಂದರು. ನಾದಿನಿಗೆ 6×8, ಮ್ಯಾಟ್ ಎಂದು ಹೇಳಿಯಾಯಿತು.